ಅದೇ ತಪ್ಪು ಮತ್ತೆ ಮತ್ತೆ ಯಾಕೆ ಆಗುತ್ತದೆ?

ಪ್ರಶ್ನೆ: ಮೇಡಂ, ನಾನು ದ್ವಿತೀಯ ಪಿಯುಸಿ, ಪಿಸಿಎಂಬಿ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಗಣಿತದಲ್ಲಿ ಪ್ರತಿ ಟೆಸ್ಟ್‌ನಲ್ಲೂ ಅವೇ ತಪ್ಪುಗಳನ್ನು ಮಾಡುತ್ತೇನೆ. ಸೈನ್ 2ಎಕ್ಸ್ = ಸೈನ್ ಎಕ್ಸ್ ಅಂತ ಬಂದರೆ ಎರಡೂ ಕಡೆ ಸೈನ್ ಎಕ್ಸ್ ಹೊಡೆದುಬಿಡುತ್ತೇನೆ. ಮ್ಯಾಟ್ರಿಕ್ಸ್‌ನಲ್ಲಿ ಎಬಿ = ಎಸಿ ಕೊಟ್ಟರೆ ಬಿ = ಸಿ ಅಂತ ಬರೆಯುತ್ತೇನೆ. ಸೊಲ್ಯೂಷನ್ ನೋಡಿದರೆ ಪೂರ್ತಿ ಅರ್ಥವಾಗುತ್ತದೆ, ‘ಅಯ್ಯೋ, ಇಷ್ಟೇನಾ’ ಅನ್ನಿಸುತ್ತದೆ. ಮುಂದಿನ ಟೆಸ್ಟ್‌ನಲ್ಲಿ ಮತ್ತೆ ಅಲ್ಲೇ ಎಡವುತ್ತೇನೆ. ತಪ್ಪುಗಳಿಗೆ ಅಂತಲೇ ಒಂದು ನೋಟ್‌ಬುಕ್ ಇಟ್ಟು, ಪ್ರಶ್ನೆಯನ್ನು ನೀಲಿ, ಸರಿ ಉತ್ತರವನ್ನು ಹಸಿರು ಇಂಕಿನಲ್ಲಿ ಬರೆದಿದ್ದೇನೆ. ಅದು ತುಂಬಿತು, ಉಪಯೋಗ ಕಾಣಲಿಲ್ಲ. ‘ಎಲ್ಲಾ ಸಿಲ್ಲಿ ಮಿಸ್ಟೇಕ್, ಗಮನ ಕೊಡಲ್ಲ’ ಅಂತ ಅಪ್ಪ ಬೈಯುತ್ತಾರೆ. ಕ್ಲಾಸಿನಲ್ಲಿ ತಪ್ಪು ಹೇಳಿದರೆ ನಗುತ್ತಾರೆ ಅಂತ ಉತ್ತರ ಹೇಳುವುದನ್ನೇ ಬಿಟ್ಟಿದ್ದೇನೆ. ಟ್ಯೂಷನ್‌ನಲ್ಲಿ ಈಗ ವಾರಕ್ಕೆ ಮೂರು ಸಿಇಟಿ ಟೆಸ್ಟ್ ಇಟ್ಟಿದ್ದಾರೆ. ಎಲ್ಲವನ್ನೂ ಬರೆಯಬೇಕಾ? ಏನು ಮಾಡಲಿ?

ಉತ್ತರ: ನೀವು ಕೊಟ್ಟ ಎರಡು ಉದಾಹರಣೆಗಳಿಂದಲೇ ಶುರು ಮಾಡೋಣ. ಅವು ನೋಡಲು ಎರಡು ತಪ್ಪು. ಒಂದು ಟ್ರಿಗನಾಮೆಟ್ರಿ, ಇನ್ನೊಂದು ಮ್ಯಾಟ್ರಿಕ್ಸ್. ನನಗೆ ಮಾತ್ರ ಅಲ್ಲಿ ಒಂದೇ ತಪ್ಪು ಕಾಣುತ್ತಿದೆ.

ಎರಡೂ ಕಡೆ ಒಂದೇ ಪದ ಇದ್ದರೆ ಹೊಡೆದು ಹಾಕಬಹುದು. ಇದು ನಿಮ್ಮ ನಿಯಮ. ಇದನ್ನು ನೀವು ಭಿನ್ನರಾಶಿ ಕಲಿತ ದಿನಗಳಲ್ಲಿ ಪಡೆದುಕೊಂಡಿರಿ. ಆಗ ಅದು ಸರಿಯಾಗಿತ್ತು. 3 ಗುಣಿಸು ಎಕ್ಸ್ = 3 ಗುಣಿಸು 7 ಅಂದರೆ 3 ಹೊಡೆಯಿರಿ, ಎಕ್ಸ್ 7 ಆಗುತ್ತದೆ. ಸಾವಿರ ಸಲ ಮಾಡಿದ್ದೀರಿ, ಸಾವಿರ ಸಲವೂ ರೈಟ್ ಬಂದಿದೆ. ಆದರೆ ‘ಹೊಡೆದು ಹಾಕುವುದು’ ಅಂದರೆ ನಿಜವಾಗಿ ಭಾಗಿಸುವುದು. ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ. 3 ಯಾವತ್ತೂ ಸೊನ್ನೆ ಆಗಲ್ಲ, ಹಾಗಾಗಿ ಈ ಷರತ್ತು ನೆನಪಿಡುವ ಅಗತ್ಯವೇ ಬರಲಿಲ್ಲ. ಸೈನ್ ಎಕ್ಸ್ ಹಾಗಲ್ಲ. ಅದು 0 ಡಿಗ್ರಿಯಲ್ಲಿ ಸೊನ್ನೆ, 180 ಡಿಗ್ರಿಯಲ್ಲಿ ಸೊನ್ನೆ. ನೀವು ಅದನ್ನು ಹೊಡೆದ ಕ್ಷಣ ಆ ಉತ್ತರಗಳೆಲ್ಲ ಕೈಬಿಟ್ಟು ಹೋದವು. ಸೈನ್ 2ಎಕ್ಸ್ ಅಂದರೆ 2 ಸೈನ್ ಎಕ್ಸ್ ಕಾಸ್ ಎಕ್ಸ್, ಹಾಗಾಗಿ ಉಳಿದದ್ದು ಕಾಸ್ ಎಕ್ಸ್ = 1/2 ಮಾತ್ರ.

ಮ್ಯಾಟ್ರಿಕ್ಸಿಗೆ ಬನ್ನಿ. ಅಲ್ಲಿ ಭಾಗಾಕಾರವೇ ಇಲ್ಲ, ಇನ್ವರ್ಸ್ ಇದೆ. ಎ-ಗೆ ಇನ್ವರ್ಸ್ ಇದ್ದರೆ ಮಾತ್ರ ಬಿ = ಸಿ ಅಂತ ಖಚಿತವಾಗಿ ಹೇಳಬಹುದು. ಎ-ಯ ಮೊದಲ ಸಾಲು 1, 0, ಎರಡನೇ ಸಾಲು 0, 0 ಅಂತ ಇಟ್ಟುಕೊಳ್ಳಿ. ಇದರಿಂದ ಗುಣಿಸಿದರೆ ಬಿ-ಯ ಎರಡನೇ ಸಾಲು ಪೂರ್ತಿ ಅಳಿಸಿ ಹೋಗುತ್ತದೆ. ಅಂದಮೇಲೆ ಮೊದಲ ಸಾಲು ಒಂದೇ ಇದ್ದು ಎರಡನೇ ಸಾಲು ಬೇರೆ ಬೇರೆ ಇರುವ ಎಷ್ಟೋ ಮ್ಯಾಟ್ರಿಕ್ಸ್‌ಗಳು ಒಂದೇ ಉತ್ತರ ಕೊಡುತ್ತವೆ. ಒಮ್ಮೆ ಪೆನ್ನು ಹಿಡಿದು ಮಾಡಿ ನೋಡಿ.

ವೆಕ್ಟರ್ ಪಾಠ ಆಗಿದ್ದರೆ ಇನ್ನೊಂದು ಕೇಳುತ್ತೇನೆ. ಎ ಡಾಟ್ ಬಿ = ಎ ಡಾಟ್ ಸಿ. ಬಿ = ಸಿ ಅಂತ ಹೇಳಬಹುದಾ? ನಿಮ್ಮ ಕೈ ಮತ್ತೆ ಹೊಡೆಯಲು ಹೋಗುತ್ತದೆ ಅಂತ ನನ್ನ ಊಹೆ. ಇಲ್ಲೂ ಆಗಲ್ಲ. ಬಿ ಮೈನಸ್ ಸಿ ಎಂಬ ವೆಕ್ಟರ್ ಎ-ಗೆ ಲಂಬವಾಗಿದ್ದರೂ ಸಮೀಕರಣ ಸರಿ ಇರುತ್ತದೆ. ನಿಮ್ಮ ನೋಟ್‌ಬುಕ್ಕಿನಲ್ಲಿ ಮೂರು ಅಧ್ಯಾಯದಲ್ಲಿ ಮೂರು ತಪ್ಪು ಅಂತ ಕಾಣುವುದರ ಬೇರು ಒಂದೇ ಆಗಿರಬಹುದು, ನೋಡಿ. ಮೂರಕ್ಕೂ ಬೇರೆ ಬೇರೆ ಹಸಿರು ಸೊಲ್ಯೂಷನ್ ಬರೆದರೆ ಆ ಬೇರು ಹಾಗೇ ಉಳಿಯುತ್ತದೆ. ನಾಲ್ಕನೇ ಅಧ್ಯಾಯದಲ್ಲಿ ಮತ್ತೆ ಚಿಗುರುತ್ತದೆ.

ಇಷ್ಟು ವಿವರವಾಗಿ ಹೇಳಲು ಕಾರಣ ಇದೆ. ನಿಮ್ಮ ತಪ್ಪುಗಳಲ್ಲಿ ಹೆಚ್ಚಿನವು ಗಮನ ಇಲ್ಲದೆ ಆಗುತ್ತಿಲ್ಲ. ಗಮನ ಇಟ್ಟುಕೊಂಡೇ, ಒಂದು ನಿಯಮದ ಪ್ರಕಾರವೇ ಆಗುತ್ತಿವೆ. ಆ ನಿಯಮ ಒಂದು ಕಾಲಕ್ಕೆ, ಒಂದು ಜಾಗದಲ್ಲಿ ಸರಿ ಇತ್ತು. ಅದರ ಗಡಿ ಎಲ್ಲಿ ಮುಗಿಯುತ್ತದೆ ಅಂತ ಯಾರೂ ಹೇಳಿಕೊಡಲಿಲ್ಲ, ಅಷ್ಟೇ. ದಯವಿಟ್ಟು ಈ ಭಾಗವನ್ನು ಅಪ್ಪನಿಗೂ ಓದಿ ಹೇಳಿ.

ಇದು ನನ್ನೊಬ್ಬಳ ಅಭಿಪ್ರಾಯ ಅಲ್ಲ. ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಅಮೆರಿಕದ ಸಂಶೋಧಕರು ಮಕ್ಕಳ ಕಳೆಯುವ ಲೆಕ್ಕಗಳನ್ನು ಕೂತು ಪರಿಶೀಲಿಸಿ 1978ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. 52ರಲ್ಲಿ 37 ಕಳೆ ಅಂದರೆ ಒಂದು ಮಗು 25 ಅಂತ ಬರೆಯುತ್ತದೆ. ನೋಡಿದವರು ‘ಬೇಜವಾಬ್ದಾರಿ’ ಅಂದುಬಿಡುತ್ತಾರೆ. ಆದರೆ ಆ ಮಗು ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯುತ್ತಿದೆ. 7ರಲ್ಲಿ 2 ಹೋದರೆ 5, 5ರಲ್ಲಿ 3 ಹೋದರೆ 2. ದಶಕ ತೆಗೆದುಕೊಳ್ಳುವುದು ಬೇಕಿಲ್ಲದ ಲೆಕ್ಕಗಳಲ್ಲೆಲ್ಲ ಈ ನಿಯಮ ಸರಿ ಉತ್ತರವನ್ನೇ ಕೊಟ್ಟಿದೆ. ಮಗುವಿನ ನಿಯಮ ಗೊತ್ತಾದರೆ ಅದು ಮುಂದೆ ಯಾವ ಲೆಕ್ಕವನ್ನು ತಪ್ಪು ಮಾಡುತ್ತದೆ, ಏನಂತ ಬರೆಯುತ್ತದೆ ಅಂತಲೂ ಮೊದಲೇ ಹೇಳಬಹುದು. ಇಂಥ ಮಗುವಿಗೆ ‘ಗಮನ ಕೊಡು’ ಅಂತ ಹೇಳಿ ಏನು ಪ್ರಯೋಜನ? ಅದು ಇನ್ನೂ ಗಮನ ಕೊಟ್ಟು ಅದೇ ನಿಯಮವನ್ನು ಪಾಲಿಸುತ್ತದೆ.

ನಿಮ್ಮ ನೋಟ್‌ಬುಕ್ ಯಾಕೆ ಕೆಲಸ ಮಾಡಲಿಲ್ಲ ಅಂತ ಈಗ ಗೊತ್ತಾಗಿರಬೇಕು. ಅದರಲ್ಲಿ ಪ್ರಶ್ನೆ ಇದೆ, ಸರಿ ಉತ್ತರ ಇದೆ. ನಿಮ್ಮ ತಪ್ಪೇ ಇಲ್ಲ! ಹಸಿರು ಇಂಕಿನಲ್ಲಿರುವುದು ಟೆಕ್ಸ್ಟ್‌ಬುಕ್ ಬರೆದವರ ಯೋಚನೆ. ನಿಮ್ಮ ಯೋಚನೆ ಎಲ್ಲಿ ಹೋಯಿತು? ಅದು ನಿಮ್ಮ ರಫ್ ವರ್ಕ್ ಪುಟದಲ್ಲಿತ್ತು, ಅದನ್ನು ನೀವು ಬಿಸಾಡಿದಿರಿ. ರಫ್ ವರ್ಕ್ ಎಸೆಯಬೇಡಿ. ಟೆಸ್ಟ್ ಮುಗಿದ ಮೇಲೆ ಅತಿ ಬೆಲೆಯುಳ್ಳ ಕಾಗದ ಅದೇ.

ರಾಬರ್ಟ್ ಸೀಗ್ಲರ್ ಎಂಬ ಮನೋವಿಜ್ಞಾನಿ ಇದಕ್ಕೆ ಹತ್ತಿರದ ಕೆಲಸ ಮಾಡಿದ್ದಾರೆ. 3 + 4 + 5 = ಖಾಲಿ ಜಾಗ + 5 ಎಂಬಂಥ ಲೆಕ್ಕಗಳನ್ನು ಮಕ್ಕಳಿಗೆ ಕೊಟ್ಟರು. ಬಹಳ ಮಕ್ಕಳು 12 ಅಂತ ಬರೆಯುತ್ತಾರೆ, ಯಾಕೆಂದರೆ ‘ಸಮ’ ಚಿಹ್ನೆ ಕಂಡರೆ ಎಡಗಡೆಯದನ್ನು ಕೂಡು ಅಂತ ಅವರ ತಲೆಯಲ್ಲಿ ಕೂತಿದೆ. ಸರಿ ಉತ್ತರ 7. ಕೆಲವು ಮಕ್ಕಳಿಗೆ ಸರಿ ಉತ್ತರ ಯಾಕೆ ಸರಿ ಅಂತ ಮಾತ್ರ ವಿವರಿಸಲು ಹೇಳಿದರು. ಇನ್ನು ಕೆಲವರಿಗೆ ಸರಿ ಯಾಕೆ ಸರಿ, ತಪ್ಪು ಯಾಕೆ ತಪ್ಪು ಅಂತ ಎರಡನ್ನೂ ವಿವರಿಸಲು ಹೇಳಿದರು. ಎರಡನೇ ಗುಂಪು ಜಾಸ್ತಿ ಕಲಿಯಿತು. 2002ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಪ್ರತಿ ಮೇಷ್ಟ್ರೂ ಓದಬೇಕು ಅಂತ ನನ್ನ ಆಸೆ. ನಮ್ಮಲ್ಲಿ ತಪ್ಪು ಉತ್ತರವನ್ನು ಬೋರ್ಡಿನಿಂದ ಬೇಗ ಒರೆಸುವ ಅಭ್ಯಾಸ ಇದೆ. ಒರೆಸುವ ಮೊದಲು ಎರಡು ನಿಮಿಷ ಅದರ ಬಗ್ಗೆ ಮಾತಾಡಬೇಕು.

ಹೊಸ ನೋಟ್‌ಬುಕ್ಕಿನಲ್ಲಿ ಹೀಗೆ ಬರೆಯಿರಿ. ಕೀ ಆನ್ಸರ್ ನೋಡಿ ಯಾವುದು ತಪ್ಪು ಅಂತ ಮಾತ್ರ ಗುರುತು ಹಾಕಿ. ಸೊಲ್ಯೂಷನ್ ತೆರೆಯಬೇಡಿ. ನಿಮ್ಮ ರಫ್ ವರ್ಕ್ ಮುಂದೆ ಇಟ್ಟುಕೊಂಡು, ಆಗ ಏನು ಅಂದುಕೊಂಡು ಆ ಸಾಲು ಬರೆದೆ ಅಂತ ಕೇಳಿಕೊಳ್ಳಿ. ಸಿಕ್ಕ ಉತ್ತರವನ್ನು ನಿಮ್ಮ ಮಾತಿನಲ್ಲಿ, ಕನ್ನಡದಲ್ಲಿ ಬರೆಯಿರಿ. ‘ಎರಡೂ ಕಡೆ ಸೈನ್ ಎಕ್ಸ್ ಇದೆ, ಹೊಡೆಯಬಹುದು ಅಂದುಕೊಂಡೆ.’ ಅದರ ಕೆಳಗೆ ಈ ನಿಯಮ ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯಲ್ಲ ಅಂತ ಬರೆಯಿರಿ. ‘ಹೊಡೆಯುವ ಪದ ಸೊನ್ನೆ ಆಗದಿದ್ದರೆ ನಡೆಯುತ್ತದೆ. ಆಗಬಹುದಾದರೆ ಎಲ್ಲವನ್ನೂ ಒಂದೇ ಕಡೆ ತಂದು ಕಾಮನ್ ತೆಗೆಯಬೇಕು.’ ಕೊನೆಗೆ ನಿಮ್ಮ ಹಳೆ ನಿಯಮವನ್ನು ಮುರಿಯುವ ಒಂದು ಪುಟ್ಟ ಉದಾಹರಣೆ. ‘ಎಕ್ಸ್ ಸ್ಕ್ವೇರ್ = 5ಎಕ್ಸ್. ಎಕ್ಸ್ ಹೊಡೆದರೆ 5 ಮಾತ್ರ ಸಿಗುತ್ತದೆ. 0 ಹಾಕಿದರೂ ಸರಿ ಬರುತ್ತದಲ್ಲ!’ ಇಷ್ಟು ಸಾಕು. ಪೂರ್ತಿ ಸೊಲ್ಯೂಷನ್ ನಕಲು ಮಾಡುವ ಅಗತ್ಯ ಇಲ್ಲ.

ಈ ಕೊನೆಯ ಭಾಗವನ್ನು ಬಿಡಬೇಡಿ. ಸಣ್ಣ ಸಂಖ್ಯೆಗಳಿಗೆ ದೊಡ್ಡ ಶಕ್ತಿ ಇದೆ. ಎ ಪ್ಲಸ್ ಬಿ ಹೋಲ್ ಸ್ಕ್ವೇರ್‌ನಲ್ಲಿ 2ಎಬಿ ಬಿಟ್ಟುಹೋಗುತ್ತದೆಯಾ? 3 ಪ್ಲಸ್ 4 ಹಾಕಿ. 7ರ ವರ್ಗ 49, ನಿಮ್ಮ ನಿಯಮ ಕೊಡುವುದು 25. ಸೈನ್ 2ಎಕ್ಸ್ ಅಂದರೆ 2 ಸೈನ್ ಎಕ್ಸ್ ಅಂತ ಬರೆಯುತ್ತೀರಾ? 30 ಡಿಗ್ರಿ ಹಾಕಿ. ಸೈನ್ 30 ಅಂದರೆ ಅರ್ಧ, ಅದರ ಎರಡರಷ್ಟು 1. ಆದರೆ ಸೈನ್ 60 ಸುಮಾರು 0.866. ಲಾಗ್ ಒಳಗಿನ ಮೊತ್ತವನ್ನು ಎರಡು ಲಾಗ್‌ಗಳ ಮೊತ್ತ ಮಾಡುತ್ತೀರಾ? 10 ಪ್ಲಸ್ 10 ಹಾಕಿ, ಆಧಾರ 10 ಇರಲಿ. ನಿಮ್ಮ ಪ್ರಕಾರ 2, ನಿಜವಾಗಿ ಸುಮಾರು 1.301. ಈ ಮೂರರ ಬೇರೂ ಒಂದೇ, ಗಮನಿಸಿದಿರಾ? ಬ್ರಾಕೆಟ್ ಹೊರಗೆ ಏನಿದ್ದರೂ ಒಳಗಿನ ಎರಡಕ್ಕೂ ಹಂಚಬಹುದು ಎಂಬ ನಂಬಿಕೆ. 2 ಗುಣಿಸು (ಎ ಪ್ಲಸ್ ಬಿ) ಅಂತ ಇದ್ದಾಗ ಹಂಚಬಹುದು, ಅಲ್ಲಿಂದ ಬಂದ ನಂಬಿಕೆ ಅದು. ವರ್ಗ, ಸೈನ್, ಲಾಗ್ ಇವಕ್ಕೆ ಹಂಚಲು ಬರಲ್ಲ.

ಮ್ಯಾಟ್ರಿಕ್ಸ್‌ನಲ್ಲಿ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಲ್ಲಿ ಎ ಸ್ಕ್ವೇರ್ ಪ್ಲಸ್ 2ಎಬಿ ಪ್ಲಸ್ ಬಿ ಸ್ಕ್ವೇರ್ ಎಂಬ ಸರಿ ಸೂತ್ರವೂ ಸಾಮಾನ್ಯವಾಗಿ ತಪ್ಪು! ಎಬಿ ಮತ್ತು ಬಿಎ ಒಂದೇ ಇರಬೇಕಿಲ್ಲವಲ್ಲ. ಎಂಟನೇ ತರಗತಿಯಲ್ಲಿ ಕಷ್ಟಪಟ್ಟು ತಿದ್ದಿಕೊಂಡದ್ದಕ್ಕೆ ಇಲ್ಲಿ ಮತ್ತೊಂದು ಗಡಿ ಸಿಗುತ್ತದೆ. ನನಗೆ ಗಣಿತದಲ್ಲಿ ಬಹಳ ಪ್ರೀತಿಯ ಜಾಗ ಇದು.

ಇನ್ನು, ಕೈತಪ್ಪಿನಿಂದ ಆಗುವ ತಪ್ಪುಗಳೂ ಇವೆ. 6 ಬರೆದು 0 ಅಂತ ಓದಿಕೊಳ್ಳುವುದು, ಮುಂದಿನ ಸಾಲಿಗೆ ಹೋಗುವಾಗ ಮೈನಸ್ ಬಿಟ್ಟುಹೋಗುವುದು, ಓಎಂಆರ್‌ನಲ್ಲಿ 31ರ ಉತ್ತರವನ್ನು 32ಕ್ಕೆ ತುಂಬುವುದು. ಇವುಗಳನ್ನು ಬೇರೆ ಮಾಡುವುದು ಹೇಗೆ? ತಪ್ಪಾದ ಲೆಕ್ಕವನ್ನು ಮಾರನೇ ದಿನ ಹೊಸ ಹಾಳೆಯಲ್ಲಿ, ಏನೂ ನೋಡದೆ ಮಾಡಿ. ಸರಾಗವಾಗಿ ಸರಿ ಬಂದರೆ ಅದು ಕೈತಪ್ಪು. ಮತ್ತೆ ಅದೇ ಜಾಗದಲ್ಲಿ ಅದೇ ತಪ್ಪು ಬಂದರೆ ಅಲ್ಲಿ ಒಂದು ನಿಯಮ ಕೂತಿದೆ. ಬಹಳ ಮಕ್ಕಳು ‘ಸಿಲ್ಲಿ’ ಅಂತ ಬದಿಗಿಟ್ಟ ತಪ್ಪುಗಳನ್ನು ಹೀಗೆ ಪರೀಕ್ಷಿಸಿದರೆ ಸುಮಾರಷ್ಟು ಎರಡನೇ ಜಾತಿಯವೇ ಆಗಿರುತ್ತವೆ. ಅದಕ್ಕೇ ನನ್ನ ಕ್ಲಾಸಿನಲ್ಲಿ ನಾನು ‘ಸಿಲ್ಲಿ ಮಿಸ್ಟೇಕ್’ ಎಂಬ ಮಾತನ್ನು ಬಳಸುವುದಿಲ್ಲ. ಆ ಹೆಸರು ಕೊಟ್ಟ ಮೇಲೆ ಯಾರೂ ಒಳಗೆ ಇಣುಕಿ ನೋಡಲ್ಲ.

ನಿಜವಾದ ಕೈತಪ್ಪಿಗೆ ಇನ್ನಷ್ಟು ಓದುವುದು ಮದ್ದಲ್ಲ, ತಾಳೆ ನೋಡುವ ಅಭ್ಯಾಸ ಮದ್ದು. ಇಂಟಿಗ್ರೇಷನ್ ಮಾಡಿದಿರಾ, ಉತ್ತರವನ್ನು ಡಿಫರೆನ್ಷಿಯೇಟ್ ಮಾಡಿ, ಪ್ರಶ್ನೆ ವಾಪಸ್ ಬರಬೇಕು. ಇನ್ವರ್ಸ್ ಕಂಡುಹಿಡಿದಿರಾ, ಮೂಲ ಮ್ಯಾಟ್ರಿಕ್ಸ್‌ನಿಂದ ಗುಣಿಸಿ, ಐಡೆಂಟಿಟಿ ಬರಬೇಕು. ಸಮೀಕರಣ ಬಿಡಿಸಿದಿರಾ, ಉತ್ತರವನ್ನು ಒಳಗೆ ಹಾಕಿ ನೋಡಿ. ಫಿಸಿಕ್ಸ್‌ನಲ್ಲಿ ಯೂನಿಟ್ ನೋಡಿ, ಸೆಂಟಿಮೀಟರ್ ಮೀಟರ್ ಆಯಿತಾ ಅಂತ. ಇದು ಪರೀಕ್ಷೆಯ ದಿನ ಹೊಸದಾಗಿ ಬರುವುದಿಲ್ಲ. ಮನೆಯಲ್ಲಿ ಮಾಡುವ ಪ್ರತಿ ಲೆಕ್ಕದ ಕೊನೆಯ ಸಾಲು ಇದೇ ಆಗಿರಬೇಕು.

ಕನ್ನಡ ಮಾಧ್ಯಮದಿಂದ ಬಂದಿದ್ದೀರಿ ಅಂತ ಹೇಳಿದ್ದು ಒಳ್ಳೆಯದಾಯಿತು. ತಪ್ಪಾದ ಪ್ರಶ್ನೆಗಳಲ್ಲಿ ಲೆಕ್ಕ ಗೊತ್ತಿದ್ದೂ ಪ್ರಶ್ನೆ ತಪ್ಪು ಓದಿಕೊಂಡದ್ದು ಎಷ್ಟಿವೆ ಅಂತ ಪ್ರತ್ಯೇಕ ಗುರುತು ಹಾಕಿ. ಪ್ರಾಬಬಿಲಿಟಿಯಲ್ಲಿ ‘ಕನಿಷ್ಠ ಎರಡು’ ಕೇಳಿದ್ದಕ್ಕೆ ‘ಗರಿಷ್ಠ ಎರಡು’ ಮಾಡುವುದು, ‘ಯಾವುದು ಸರಿಯಲ್ಲ’ ಅಂತ ಕೇಳಿದ್ದಕ್ಕೆ ಸರಿ ಇರುವುದನ್ನು ಹುಡುಕುವುದು ಸಾಮಾನ್ಯ. ಇದು ಗಣಿತದ ತಪ್ಪು ಅಲ್ಲವೇ ಅಲ್ಲ. ಏನು ಕೇಳಿದ್ದಾರೋ ಅದರ ಕೆಳಗೆ ಗೆರೆ ಎಳೆದು ಆಮೇಲೆ ಲೆಕ್ಕಕ್ಕೆ ಕೈಹಾಕಿ. ಕೆಲವು ವಾರಗಳಲ್ಲಿ ಇದು ಕಡಿಮೆಯಾಗುತ್ತದೆ.

ಈಗ, ಅರ್ಥವಾದದ್ದು ಮತ್ತೆ ಯಾಕೆ ಕೈಕೊಡುತ್ತದೆ ಎಂಬ ನಿಮ್ಮ ಮುಖ್ಯ ಪ್ರಶ್ನೆ. 2001ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಬಟರ್‌ಫೀಲ್ಡ್ ಮತ್ತು ಮೆಟ್‌ಕಾಫ್ ಒಂದು ವಿಚಿತ್ರವನ್ನು ತೋರಿಸಿದರು. ಬಹಳ ಧೈರ್ಯದಿಂದ ಹೇಳಿದ ತಪ್ಪು ಉತ್ತರವನ್ನು ತಿದ್ದಿದರೆ, ಅನುಮಾನದಿಂದ ಹೇಳಿದ ತಪ್ಪಿಗಿಂತ ಅದೇ ಚೆನ್ನಾಗಿ ತಿದ್ದಿಕೊಳ್ಳುತ್ತದೆ. ಆಶ್ಚರ್ಯವಾದಾಗ ಮನಸ್ಸು ಎಚ್ಚೆತ್ತುಕೊಳ್ಳುತ್ತದೆ ಎಂಬುದು ಅದಕ್ಕೆ ಕೊಡುವ ಒಂದು ಕಾರಣ. ನಿಮ್ಮ ‘ಅಯ್ಯೋ, ಇಷ್ಟೇನಾ’ ಅದೇ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 2011ರಲ್ಲಿ ಬಟ್ಲರ್, ಫೇಜಿಯೊ, ಮಾರ್ಷ್ ಎಂಬ ಸಂಶೋಧಕರು ಒಂದು ವಾರ ಬಿಟ್ಟು ಮತ್ತೆ ಪರೀಕ್ಷಿಸಿದರು. ತಿದ್ದಿದ್ದು ನೆನಪಿನಲ್ಲಿ ಉಳಿಯದಿದ್ದಾಗ, ಧೈರ್ಯದಿಂದ ಹೇಳಿದ್ದ ಆ ಹಳೆಯ ತಪ್ಪುಗಳೇ ಜಾಸ್ತಿ ವಾಪಸ್ ಬಂದವು. ನಿಮಗೆ ಆಗುತ್ತಿರುವುದೂ ಇದೇ ಅಂತ ನನಗೆ ಅನ್ನಿಸುತ್ತದೆ. ಹಳೆ ನಿಯಮಕ್ಕೆ ವರ್ಷಗಟ್ಟಲೆ ಅಭ್ಯಾಸ ಇದೆ. ಹೊಸದಕ್ಕೆ ಒಂದು ಸಂಜೆಯದ್ದು.

ಆದ್ದರಿಂದ ಬರೆದಿಟ್ಟ ತಪ್ಪನ್ನು ಓದುವುದು ಸಾಲದು, ಅದರ ಮೇಲೆ ನಿಮ್ಮನ್ನು ಮತ್ತೆ ಪರೀಕ್ಷೆ ಮಾಡಿಕೊಳ್ಳಬೇಕು. ಎರಡು ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ, ಮೂರು ವಾರ ಬಿಟ್ಟು ಇನ್ನೊಮ್ಮೆ. ಅದೇ ಲೆಕ್ಕ ಬೇಡ, ಅದರ ಉತ್ತರ ಬಾಯಿಪಾಠ ಆಗಿರುತ್ತದೆ. ಅದೇ ಬೇರಿನ ಬೇರೆ ಲೆಕ್ಕ ಬೇಕು. ಮ್ಯಾಟ್ರಿಕ್ಸ್ ತಪ್ಪಿಗೆ ವೆಕ್ಟರ್ ಲೆಕ್ಕ ಮಾಡಿ ನೋಡಿ. ಮತ್ತು ಅದನ್ನು ಬೇರೆ ಅಧ್ಯಾಯಗಳ ಲೆಕ್ಕದ ಮಧ್ಯೆ ಬೆರೆಸಿ ಇಡಿ. ‘ಇದು ನನ್ನ ತಪ್ಪಿನ ಲೆಕ್ಕ’ ಅಂತ ಮೊದಲೇ ಗೊತ್ತಿದ್ದರೆ ಎಲ್ಲರೂ ಎಚ್ಚರವಾಗಿಯೇ ಇರುತ್ತಾರೆ. ಮೂರೂ ಸಲ ಸರಿ ಬಂದ ಮೇಲೆ ಆ ಪುಟಕ್ಕೆ ಅಡ್ಡಗೆರೆ ಹಾಕಿ. ಹಳೆ ತಪ್ಪುಗಳನ್ನೆಲ್ಲ ಜೀವನಪೂರ್ತಿ ಹೊತ್ತುಕೊಂಡು ತಿರುಗಬೇಕಿಲ್ಲ.

ಸಿಇಟಿ ಟೆಸ್ಟ್‌ಗಳ ವಿಷಯ. ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ಪ್ರಶ್ನೆಗೆ ಒಂದು ಅಂಕ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಅಂದರೆ ಒಂದು ಪ್ರಶ್ನೆಗೆ 80 ಸೆಕೆಂಡ್. ಅಂಕ ಕಳೆಯದ ಕಾರಣ ಎಲ್ಲರೂ ಗೊತ್ತಿಲ್ಲದ್ದಕ್ಕೂ ಏನಾದರೂ ತುಂಬುತ್ತಾರೆ, ತುಂಬಲೂ ಬೇಕು. ಆದರೆ ಅಭ್ಯಾಸದ ಟೆಸ್ಟ್‌ನಲ್ಲಿ ಇದರಿಂದ ಒಂದು ನಷ್ಟ ಇದೆ. ಕಣ್ಣು ಮುಚ್ಚಿ 20 ಪ್ರಶ್ನೆ ತುಂಬಿದರೂ ಸರಾಸರಿ 5 ಸರಿ ಬರುತ್ತವೆ. ಆ 5 ನಿಮಗೆ ಬರದ ವಿಷಯಗಳು, ಆದರೆ ರೈಟ್ ಮಾರ್ಕ್ ಹಿಂದೆ ಅಡಗಿ ಕೂತಿವೆ. ಅದಕ್ಕೆ ಉತ್ತರ ತುಂಬುವಾಗಲೇ ಪ್ರಶ್ನೆ ಪತ್ರಿಕೆಯಲ್ಲಿ ಪಕ್ಕದಲ್ಲಿ ಒಂದು ಗುರುತು ಹಾಕಿ. ಖಚಿತವೋ, ಅನುಮಾನವೋ, ಸುಮ್ನೆ ಊಹೆಯೋ ಅಂತ. ಟೆಸ್ಟ್ ಆದ ಮೇಲೆ ಊಹೆಯಿಂದ ಸರಿ ಬಂದದ್ದನ್ನೂ ತಪ್ಪಿನ ಲೆಕ್ಕಕ್ಕೇ ಸೇರಿಸಿ. ಖಚಿತ ಅಂತ ಹಾಕಿ ತಪ್ಪಾದದ್ದು ಇದ್ದರೆ ಮೊದಲು ಅದನ್ನೇ ಎತ್ತಿಕೊಳ್ಳಿ. ನಿಮ್ಮ ಹಳೆ ನಿಯಮಗಳು ಇರುವುದು ಅಲ್ಲೇ.

ಇಷ್ಟು ಮಾಡಲು ಸಮಯ ಬೇಕು. ವಾರಕ್ಕೆ ಮೂರು ಟೆಸ್ಟ್ ಬರೆದು ಮೂರಕ್ಕೂ ಅಂಕ ಕೂಡಿಸಿ ಇಡುವುದಕ್ಕಿಂತ, ಒಂದು ಬರೆದು ಅದರ ತಪ್ಪುಗಳ ಜೊತೆ ಎರಡು ಗಂಟೆ ಕೂರುವುದು ಎಷ್ಟೋ ಮೇಲು. ಒಂದೇ ಬರೆಯುತ್ತೇನೆ ಅಂತ ಟ್ಯೂಷನ್‌ನಲ್ಲಿ ಹೇಳಿ ಕೇಳಿ. ಒಪ್ಪದಿದ್ದರೆ ಮೂರನ್ನೂ ಬರೆಯಿರಿ, ಆದರೆ ಆಳವಾಗಿ ನೋಡಲು ಒಂದನ್ನೇ ಆರಿಸಿಕೊಳ್ಳಿ. ಒಂದು ಟೆಸ್ಟ್‌ನಿಂದ ನಾಲ್ಕೈದು ತಪ್ಪುಗಳನ್ನು ನೋಟ್‌ಬುಕ್ಕಿಗೆ ತಂದರೆ ಸಾಕು. ಇಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕ ಅರ್ಧ, ಪಿಯು ಬೋರ್ಡಿನ ಪಿಸಿಎಂ ಅಂಕ ಇನ್ನರ್ಧ ಎಂಬುದೂ ನೆನಪಿರಲಿ. ಬೋರ್ಡ್ ಪರೀಕ್ಷೆಯಲ್ಲಿ ಪ್ರತಿ ಹೆಜ್ಜೆಗೂ ಅಂಕ ಇದೆ. ಹೆಜ್ಜೆ ಬರೆಯುವ ಅಭ್ಯಾಸವೇ ನಿಮ್ಮ ತಪ್ಪನ್ನು ನಿಮಗೆ ಕಾಣುವಂತೆ ಮಾಡುತ್ತದೆ. ಎಲ್ಲಾ ಮನಸ್ಸಿನಲ್ಲೇ ಮಾಡಿ ಆಪ್ಷನ್ ತುಂಬಿದರೆ ಹುಡುಕಲು ಏನೂ ಉಳಿದಿರುವುದಿಲ್ಲ.

ಕ್ಲಾಸಿನ ನಗುವಿನ ಬಗ್ಗೆ ಓದಿ ನನಗೆ ಸಂಕಟವಾಯಿತು. ತಪ್ಪು ಹೇಳಿದ ಹುಡುಗಿಯನ್ನು ನೋಡಿ ನಗುವ ಕ್ಲಾಸಿನಲ್ಲಿ ನಕ್ಕವರೂ ಕಲಿಯುವುದಿಲ್ಲ. ನಾಳೆ ಅವರಿಗೂ ಬಾಯಿ ತೆರೆಯಲು ಭಯ. ಅದನ್ನು ನಿಲ್ಲಿಸುವುದು ಲೆಕ್ಚರರ್ ಕೆಲಸ, ನಿಮ್ಮದಲ್ಲ. ನೀವು ಮಾಡಬಹುದಾದದ್ದು ಇಷ್ಟು. ಕ್ಲಾಸು ಮುಗಿದ ಮೇಲೆ ಸ್ಟಾಫ್ ರೂಮಿಗೆ ಹೋಗಿ, ನಿಮ್ಮ ನೋಟ್‌ಬುಕ್ಕಿನ ಒಂದು ಪುಟ ತೋರಿಸಿ. ‘ಸರ್, ನಾನು ಹೀಗೆ ಅಂದುಕೊಂಡೆ, ಇದು ಎಲ್ಲಿ ತಪ್ಪುತ್ತದೆ?’ ಅಂತ ಕೇಳಿ. ‘ಅರ್ಥ ಆಗಲಿಲ್ಲ’ ಅಂದರೆ ಅವರು ಇಡೀ ಪಾಠವನ್ನು ಮತ್ತೆ ಹೇಳುತ್ತಾರೆ. ಹೀಗೆ ಕೇಳಿದರೆ ನೇರ ಆ ಜಾಗಕ್ಕೆ ಬೆರಳಿಡುತ್ತಾರೆ. ನಿಮ್ಮ ಹಾಗೆಯೇ ಸುಮ್ಮನಾಗಿರುವ ಒಬ್ಬ ಗೆಳತಿ ಖಂಡಿತ ಇರುತ್ತಾಳೆ. ವಾರಕ್ಕೊಮ್ಮೆ ಇಬ್ಬರೂ ನೋಟ್‌ಬುಕ್ ಬದಲಾಯಿಸಿಕೊಳ್ಳಿ. ಅವಳ ತಪ್ಪಿನ ಹಿಂದಿನ ನಿಯಮವನ್ನು ನೀವು ಹುಡುಕಿ, ನಿಮ್ಮದನ್ನು ಅವಳು ಹುಡುಕಲಿ. ಬೇರೆಯವರ ತಪ್ಪಿನಲ್ಲಿ ನಿಯಮ ಬೇಗ ಕಣ್ಣಿಗೆ ಬೀಳುತ್ತದೆ.

ಅಪ್ಪನಿಗೆ ಅಂಕಪಟ್ಟಿ ತೋರಿಸುವ ದಿನ ಈ ನೋಟ್‌ಬುಕ್ಕನ್ನೂ ತೋರಿಸಿ. ಬೈಯುವವರಿಗೆ ಮಗಳು ಏನೋ ಮಾಡುತ್ತಿದ್ದಾಳೆ ಅಂತ ಕಣ್ಣಾರೆ ಕಾಣಬೇಕು, ಅಲ್ವಾ. ಅಡ್ಡಗೆರೆ ಬಿದ್ದ ಪುಟಗಳನ್ನು ಮೊದಲು ತೋರಿಸಿ.

ಕೊನೆಗೆ ಬೋರ್ಡ್ ಪರೀಕ್ಷೆಯ ಬಗ್ಗೆ ಒಂದು ಮಾತು. ಪರೀಕ್ಷೆ-1ರ ಅಂಕ ನಿರೀಕ್ಷೆಗಿಂತ ಕಡಿಮೆ ಬಂದರೆ ಮಂಡಳಿಗೆ ಶುಲ್ಕ ಕಟ್ಟಿ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿಕೊಳ್ಳಬಹುದು. ಬಹಳ ಜನ ಇದನ್ನು ಮರುಮೌಲ್ಯಮಾಪನಕ್ಕೆ ಮಾತ್ರ ಬಳಸುತ್ತಾರೆ. ನೀವು ಹೆಜ್ಜೆ ಹೆಜ್ಜೆಯಾಗಿ ಎಲ್ಲಿ ಅಂಕ ಹೋಯಿತು ಅಂತ ನೋಡಲು ಬಳಸಿ. ಅಂಕ ಹೆಚ್ಚಿಸಿಕೊಳ್ಳಲು ಪರೀಕ್ಷೆ-2 ಬರೆಯುವ ಯೋಚನೆ ಇದ್ದರೆ, ಹೊಸ ಗೈಡ್ ಕೊಳ್ಳುವ ಮೊದಲು ಆ ಪ್ರತಿಯನ್ನು ತರಿಸಿ. ಅರ್ಜಿಗೆ ಕೊಡುವ ದಿನಗಳು ಕಡಿಮೆ ಇರುತ್ತವೆ, ಫಲಿತಾಂಶ ಬಂದ ದಿನವೇ ಕೊನೆಯ ದಿನಾಂಕವನ್ನು ಕಾಲೇಜಿನಲ್ಲಿ ಕೇಳಿಟ್ಟುಕೊಳ್ಳಿ.